ತಳ್ಳುವ ಎಂಜಿನ್, ತಣಿಯದ ಬೋಗಿ

ಈಗ ಪರದೆಯ ಮೇಲಿರುವುದು ಜರ್ಮನಿಯ ಒಂದು ಪ್ರಾದೇಶಿಕ ರೈಲಿನ ಹಿಂತುದಿ. 146.2 ಮಾದರಿಯ ವಿದ್ಯುತ್ ಎಂಜಿನ್ ಐದು ಎರಡಂತಸ್ತಿನ ಬೋಗಿಗಳನ್ನು ಹಿಂದಿನಿಂದ ತಳ್ಳುತ್ತದೆ. ಚಾಲಕರು ಮಾತ್ರ ಮುಂತುದಿಯ ಬೋಗಿಯಲ್ಲಿರುವ ಕೋಣೆಯಲ್ಲಿ ಕುಳಿತು ಅದನ್ನು ನಡೆಸುತ್ತಾರೆ. ಹೀಗಾಗಿ ಕೊನೆಯ ನಿಲ್ದಾಣದಲ್ಲಿ ಎಂಜಿನ್ನನ್ನು ಬಿಚ್ಚಿ, ಸುತ್ತು ಹಾಕಿಸಿ ಇನ್ನೊಂದು ತುದಿಗೆ ಜೋಡಿಸುವ ಕೆಲಸವಿಲ್ಲ.

ನಾವು ರೈಲು ಹತ್ತಿ ಸೀಟು ಹಿಡಿದದ್ದನ್ನು ನೀವೇ ನೋಡುತ್ತಿದ್ದೀರಿ, ಅದಕ್ಕೆ ವಿವರಣೆ ಬೇಕಿಲ್ಲ. ವಿವರಣೆ ಬೇಕಾಗಿರುವುದು ಈ ಸೆಕೆಗೆ. ನಾವು ಕುಳಿತ ಬೋಗಿಯ ಎಸಿ ಕೆಟ್ಟಿದೆ, ಕಿಟಕಿಗಳು ತೆರೆಯುವಂಥವಲ್ಲ, ಮೇಲಂತಸ್ತಿನ ಗಾಜಿನ ಮೂಲಕ ಬಿಸಿಲು ನೇರವಾಗಿ ಮೈಮೇಲೆ ಬೀಳುತ್ತಿದೆ. ಎಸಿ ಕೆಟ್ಟಿದೆಯೆಂಬ ಚೀಟಿಯನ್ನು ಯಾರೋ ಒಳಬಾಗಿಲಿಗೆ ಅಂಟಿಸಿದ್ದಾರೆ, ಹತ್ತಿ ಕುಳಿತ ಮೇಲೆ ಓದಿಕೊಳ್ಳಲಿ ಎಂದು! ಪಕ್ಕದ ಬೋಗಿ ತಂಪಾಗಿದೆ, ಆದರೆ ಅಲ್ಲಿ ನಿಲ್ಲಲೂ ಜಾಗವಿಲ್ಲ.

ಇದರಲ್ಲಿ ಎಂಜಿನ್ನಿನ ತಪ್ಪೇನೂ ಇಲ್ಲವೆಂದು ನನಗೆ ತೋರುತ್ತದೆ. ಮೇಲ್ತಂತಿಯಲ್ಲಿ ಹರಿಯುವ 15,000 ವೋಲ್ಟ್, 16.7 ಹರ್ಟ್ಸ್ ವಿದ್ಯುತ್ತನ್ನು ಎಂಜಿನ್ನಿನ ಟ್ರಾನ್ಸ್‌ಫಾರ್ಮರ್ ಇಳಿಸಿ, ಸುಮಾರು 1,000 ವೋಲ್ಟ್‌ನಷ್ಟನ್ನು ಒಂದೇ ಕೇಬಲ್ಲಿನ ಮೂಲಕ ಬೋಗಿಯಿಂದ ಬೋಗಿಗೆ ದಾಟಿಸುತ್ತದೆ. ದೀಪಕ್ಕೂ ಎಸಿಗೂ ಬೇಕಾದ ರೂಪಕ್ಕೆ ಅದನ್ನು ಬದಲಿಸಿಕೊಳ್ಳುವುದು ಆಯಾ ಬೋಗಿಯ ಕೆಲಸ. ಎಂಜಿನ್ನಿನಿಂದ ಬರುವ ಪೂರೈಕೆಯೇ ನಿಂತಿದ್ದರೆ ಇಡೀ ರೈಲು ಬೇಯಬೇಕಿತ್ತು. ಬೇಯುತ್ತಿರುವವರು ನಾವು ಮಾತ್ರ.

ಈ ನಿಲ್ದಾಣದಿಂದ ಹೊರಡುವಾಗಿನ ನಿಧಾನವನ್ನು ಗಮನಿಸಿ. 5,600 ಕಿಲೋವ್ಯಾಟ್ ಶಕ್ತಿಯ ಎಂಜಿನ್ನಿಗೆ ಕೊರತೆಯಿರುವುದು ಬಲದಲ್ಲಲ್ಲ, ಹಳಿಯ ಮೇಲಿನ ಗಾಲಿಗಳ ಹಿಡಿತದಲ್ಲಿ. ಎಂಜಿನ್ ತೂಗುವುದು ಸುಮಾರು 85 ಟನ್, ಅದರ ನಾಲ್ಕು ಅಚ್ಚುಗಳಷ್ಟೇ ಹಳಿಯನ್ನು ಒತ್ತಿ ರೈಲನ್ನು ಸಾಗಿಸಬೇಕು. ತಲಾ 50 ಟನ್ನಿನ ಆಸುಪಾಸಿನ ಬೋಗಿಗಳೆಲ್ಲ ಅದಕ್ಕೆ ಬರಿಯ ಹೊರೆ. ಒಟ್ಟು ತೂಕದ ಕಾಲುಭಾಗವಷ್ಟೇ ಕೆಲಸಕ್ಕೆ ಬರುತ್ತದೆ. ಉದುರಿದ ಎಲೆಗಳು ಹಳಿಯ ಮೇಲೆ ಅರೆದು ಅಂಟುವ ಶರತ್ಕಾಲದಲ್ಲಂತೂ ಆ ಹಿಡಿತವೂ ಜಾರುತ್ತದೆ. ಬೋಗಿಗಳ ಅಡಿಯಲ್ಲೇ ಮೋಟರುಗಳನ್ನು ಹಂಚಿಟ್ಟ ರೈಲುಗಳು ಇಂಥ ಕಡೆ ಸಲೀಸಾಗಿ ಮುಂದೆ ಹೋಗುತ್ತವೆ. ಅಡಿಗಡಿಗೆ ನಿಲ್ಲುವ ಮಾರ್ಗದಲ್ಲಿ ಎಂಜಿನ್ ಕಟ್ಟಿದ ರೈಲು ಹಳೆಯ ಕಾಲದ ಹಟವಷ್ಟೇ ಎಂದು ನಾನು ಹೇಳುವವನಿದ್ದೆ.

ಆದರೆ ಈ ನಿಶ್ಶಬ್ದವನ್ನು ಕೇಳಿ. ಕಾಲಡಿಯಲ್ಲಿ ಮೋಟರಿಲ್ಲದ್ದರಿಂದ ನನ್ನ ಮಾತು ಇಷ್ಟು ಸ್ಪಷ್ಟವಾಗಿ ದಾಖಲಾಗುತ್ತಿದೆ. ಕುಳಿತುಕೊಳ್ಳುವವರಿಗೆ ಇದೇ ವಾಸಿ, ಹಟವೆಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಸದ್ದೇ ಬೇಕೆನ್ನುವವರು ಆಸ್ಟ್ರಿಯಾದ ಟೌರಸ್ ಎಂಜಿನ್ನಿನ ಬಳಿ ಹೋಗಬೇಕು. ಹೊರಡುವಾಗ ಅದರ ಮೋಟರುಗಳಿಗೆ ವಿದ್ಯುತ್ ಹೊಂದಿಸಿಕೊಡುವ ಇನ್ವರ್ಟರಿನ ಆವರ್ತನ ಮೆಟ್ಟಿಲುಮೆಟ್ಟಿಲಾಗಿ ಏರಿ ಸ್ವರ ಹಾಡಿದಂತೆ ಕೇಳುತ್ತದೆ. ಇರಲಿ, ನಿಲ್ದಾಣ ಬಂತು.

ಬಾಗಿಲು ತೆರೆದಿದೆ, ಎಲ್ಲರೂ ಇಳಿಯುತ್ತಿದ್ದಾರೆ. ಒಂದು ಬೋಗಿ ಕೆಟ್ಟರೆ ಅದೊಂದನ್ನೇ ಬಿಚ್ಚಿ ಬೇರೆಯದನ್ನು ಸೇರಿಸಬಹುದೆನ್ನುವುದೇ ಇಂಥ ರೈಲಿನ ದೊಡ್ಡ ಅನುಕೂಲ, ಬಿಚ್ಚುವವರು ಬೇಕಷ್ಟೆ. ಚಾಲಕರು ಎಂಜಿನ್ನಿನ ಕಡೆಗೆ ನಡೆದುಹೋಗುತ್ತಿದ್ದಾರೆ, ಚೀಟಿ ಅಂಟಿಸಿದ ಬೋಗಿ ಅದೇ ಜಾಗದಲ್ಲಿದೆ, ಹೊಸ ಪ್ರಯಾಣಿಕರು ಅದಕ್ಕೇ ಹತ್ತುತ್ತಿದ್ದಾರೆ.