ಕೋವಿ ಒಂದು ಕಡೆ, ಈಡು ಇನ್ನೊಂದು ಕಡೆ

ಎಲ್ಲರಿಗೂ ನಮಸ್ಕಾರ.

ಬಂದೂಕಿನ ಹಿಂಸೆ ಅಂದರೆ ಅಮೆರಿಕದ ವಿಷಯ, ಶಿರಸಿಯಲ್ಲಿ ಯಾಕೆ ಎಂದು ಬೆಳಿಗ್ಗೆ ಒಬ್ಬರು ಕೇಳಿದರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ ಅಂತ ನಿಮಗೇ ಗೊತ್ತು. ನಮ್ಮನೆಯಲ್ಲೂ ಇದೆ. ಮಂಗ ಎಳೆ ಅಡಿಕೆ ಉದುರಿಸುತ್ತದೆ, ಹಂದಿ ಒಂದೇ ರಾತ್ರಿಯಲ್ಲಿ ಗದ್ದೆ ಉತ್ತು ಹಾಕುತ್ತದೆ. ಕೋವಿ ಬಿಟ್ಟುಬಿಡಿ ಎನ್ನಲು ನಾನು ಬಂದಿಲ್ಲ.

ನಾನು ಸಣ್ಣವನಿದ್ದಾಗ ಅಪ್ಪಯ್ಯ ಕೋವಿಯನ್ನು ಜಗುಲಿಯ ಮೂಲೆಗೆ ಒರಗಿಸಿಡುತ್ತಿದ್ದರು. ಈಡು, ಅಂದರೆ ಮದ್ದುಗುಂಡು, ತುಂಬಿಯೇ ಇರುತ್ತಿತ್ತು. ಮಂಗ ಬಂದ ಮೇಲೆ ತುಂಬುತ್ತ ಕೂತರೆ ಆಗ್ತದಾ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ತಮ್ಮ ಅದನ್ನೆತ್ತಿ ತಂಗಿಯ ಕಡೆ ಹಿಡಿದ. ಆಯಿ ಓಡಿ ಬಂದು ನಳಿಗೆಯನ್ನು ಮೇಲೆ ತಳ್ಳಿದಳು. ಮಾಡಿನ ಎರಡು ಹಂಚು ಒಡೆದವು. ತಂಗಿ ಉಳಿದಳು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಕಾಯ್ದೆ ಇಲ್ಲವೆಂದಲ್ಲ. 1959ರ ಆಯುಧ ಕಾಯ್ದೆ ಇದೆ. 2019ರ ತಿದ್ದುಪಡಿಯ ಪ್ರಕಾರ, ಅಜಾಗರೂಕತೆಯಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಜಗುಲಿಯ ಮೂಲೆಯನ್ನು ಪೊಲೀಸರು ದಿನಾ ಬಂದು ನೋಡಲು ಆಗುವುದಿಲ್ಲ, ಅಲ್ವಾ? ಕತ್ತಲಲ್ಲಿ ಹಂದಿಯೆಂದು ಮನುಷ್ಯನಿಗೇ ಹೊಡೆಯುವುದು, ಕುಡಿದ ಹೊತ್ತಿನ ಬೇಲಿ ಜಗಳ, ಇವೆಲ್ಲ ಕೈಗೆ ಸಿಗುವಲ್ಲಿ ಈಡು ತುಂಬಿದ ಕೋವಿ ಇದ್ದಾಗಲೇ ಆಗುವಂಥವು.

ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ 1996ರಲ್ಲಿ ಒಬ್ಬನೇ 35 ಜನರನ್ನು ಕೊಂದ. ಆಮೇಲೆ ಅಲ್ಲಿನ ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ತೆಗೆದುಕೊಂಡಿತು. ರೈತರಿಗೆ ಸಾದಾ ಬಂದೂಕು ಇಟ್ಟುಕೊಳ್ಳಲು ಬಿಟ್ಟರು. ಆದರೆ ಯಾಕೆ ಬೇಕು ಎಂದು ಕಾರಣ ಹೇಳಬೇಕು, ಬೀಗ ಹಾಕಿ ಇಡಬೇಕು.

ಇನ್ನೊಂದು ಮಾತು ಹೇಳಲು ಕಷ್ಟ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಜೀವ ತಾವೇ ತೆಗೆದುಕೊಂಡವರು. ನಮ್ಮಲ್ಲೂ ಅಡಿಕೆಗೆ ಕೊಳೆ ರೋಗ ಬಂದ ವರ್ಷ, ಸಾಲ ಏರಿದ ವರ್ಷ, ಮಾತೇ ಬಿಟ್ಟು ಕೂರುವವರಿದ್ದಾರೆ. ಅಂಥವರ ಹತ್ತಿರ ಕೂತು ಮಾತಾಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ. ಕೋವಿಯನ್ನು ಸ್ವಲ್ಪ ದಿನ ಠಾಣೆಯಲ್ಲಿ ಇಡೋಣ ಎಂದು ಅವರನ್ನು ಒಪ್ಪಿಸಿ. ಚುನಾವಣೆ ಬಂದಾಗ ಇಡುವುದಿಲ್ಲವೇ? ಮನೆಯವರ ಜೀವಕ್ಕಾಗಿ ಇಟ್ಟರೆ ಅದರಲ್ಲಿ ಅವಮಾನ ಏನಿದೆ?

ಸೊಸೈಟಿಯವರೂ ಇಲ್ಲಿದ್ದೀರಿ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಯುವ ಮೈಲುತುತ್ತ ತರಿಸುತ್ತೀರಲ್ಲ, ಈ ಸಲ ಅದರ ಜೊತೆ ಬೀಗವಿರುವ ಕಬ್ಬಿಣದ ಪೆಟ್ಟಿಗೆಗಳನ್ನೂ ತರಿಸಿ. ಮನೆಗೆ ಎರಡು. ಒಂದು ಕೋವಿಗೆ, ಇನ್ನೊಂದು ಈಡಿಗೆ. ಮೊದಲ ಜೊತೆಯ ದುಡ್ಡು ಇವತ್ತೇ ಕೊಟ್ಟು ಹೋಗುತ್ತೇನೆ.