ಮೂರು ನಿಮಿಷದ ಹಾಡು

ಕೇಳುಗರಿಗೆ ನಮಸ್ಕಾರ. ಹಾಡೆಂದರೆ ಮೂರು, ಮೂರೂವರೆ ನಿಮಿಷ ಎಂಬ ವಾಡಿಕೆ ಹಾಕಿಕೊಟ್ಟವರು ಕವಿಗಳೂ ಅಲ್ಲ, ಗಾಯಕರೂ ಅಲ್ಲ. ಅದು ಗ್ರಾಮಫೋನ್ ಪ್ಲೇಟಿನ ಲೆಕ್ಕ. ಹತ್ತು ಇಂಚಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಿದರೆ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದೇ ಅಷ್ಟು.

1902ರಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಆಗ ಮುದ್ರಣಕ್ಕೆ ಮೈಕಿನ ಬಳಕೆ ಇಲ್ಲ. ಅಗಲ ಬಾಯಿಯ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಆ ಮೂರು ನಿಮಿಷಕ್ಕೆ ಹಿಡಿಸಲು ಗೌಹರ್ ಆಲಾಪ ಮೊಟಕುಗೊಳಿಸಿ ನೇರ ಬಂದಿಶ್‌ಗೆ, ಅಂದರೆ ರಾಗಕ್ಕೆ ಕಟ್ಟಿದ ಹಾಡಿಗೆ, ಇಳಿದರು, ಚುರುಕಾದ ತಾನಗಳಲ್ಲಿ ಮುಗಿಸಿದರು. ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಸಾರಿದ್ದು ಜಂಬಕ್ಕಲ್ಲ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ನನ್ನ ಮಟ್ಟಿಗೆ, ನಮ್ಮ ಜನಪ್ರಿಯ ಹಾಡಿನ ಅಳತೆ ನಿಂತದ್ದು ಅಲ್ಲೇ. 1925ರಲ್ಲಿ ಮೈಕು ಬಂತು, ಮೆಲುದನಿಗೂ ಜಾಗ ಸಿಕ್ಕಿತು. 1948ರ ಎಲ್‌ಪಿ, ಅಂದರೆ ನಿಧಾನ ತಿರುಗುವ ಲಾಂಗ್ ಪ್ಲೇ ಪ್ಲೇಟು, ಒಂದು ಬದಿಗೆ ಇಪ್ಪತ್ತು ನಿಮಿಷ ಕೊಟ್ಟರೂ ಹಾಡು ಹಿಗ್ಗಲಿಲ್ಲ, ಕಿವಿ ಒಗ್ಗಿಹೋಗಿತ್ತು.

ದಾವಣಗೆರೆ, ಚಿತ್ರದುರ್ಗದ ಹಳೇ ಮನೆಗಳ ಅಟ್ಟದಲ್ಲಿ ಹಳೇ 78ರ ಪ್ಲೇಟುಗಳಿದ್ದರೆ ಮೊದಲು ಕೆಳಗಿಳಿಸಿ. ಅವು ಅರಗಿನವು. ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನಡಿ ಹಪ್ಪಳದಂತೆ ಸೊಟ್ಟಗಾಗುತ್ತವೆ, ಕೈಜಾರಿದರೆ ಚೂರು. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಧೂಳು ತೆಗೆಯಲು ಸ್ಪಿರಿಟ್ ಮಾತ್ರ ಬೇಡವೇ ಬೇಡ: ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಪ್ಲೇಟಿನ ಮೇಲೆ ಹಾಡು ಕೊರೆದ ಗೀರಿನ ಜೊತೆ ಹಾಡೂ ಹೋಗುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆ ಬಟ್ಟೆಯಿಂದ ಗೀರಿನ ದಿಕ್ಕಿಗೇ ಒರೆಸಿ. ನಡುವಿನ ಲೇಬಲ್ ನೆನೆಯಬಾರದು.

ಕೀ ಕೊಡುವ ಗ್ರಾಮಫೋನ್ ಪೆಟ್ಟಿಗೆಯಾದರೆ ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಹಾಕಬೇಕು. ಅರಗಿಗೆ ಬೆರೆಸಿದ ಕಲ್ಲಿನ ಪುಡಿ ಮುಳ್ಳಿನ ತುದಿಯನ್ನು ಒಂದೇ ಹಾಡಿಗೆ ಸವೆಸುತ್ತದೆ. ಸವೆದ ತುದಿ ಮುಂದಿನ ಪ್ಲೇಟಿನ ಗೀರನ್ನು ಕೆರೆಯುತ್ತದೆ. ಎಲ್‌ಪಿಯನ್ನು ಆ ಪೆಟ್ಟಿಗೆ ಮೇಲಿಟ್ಟರೆ ಮುಳ್ಳು ಹಿಡಿದಿರುವ ಸೌಂಡ್‌ಬಾಕ್ಸಿನ ಭಾರಕ್ಕೆ ಮೊದಲ ಸಲವೇ ಕೆಡುತ್ತದೆ. ಈಗಿನ ಟರ್ನ್‌ಟೇಬಲ್‌ನಲ್ಲಿ 78ರ ವೇಗವಿದ್ದರಷ್ಟೇ ಸಾಲದು, ದಪ್ಪ ತುದಿಯ ಬೇರೆ ಮುಳ್ಳೂ ಬೇಕು. ಎಲ್‌ಪಿಯ ಸಣ್ಣ ಮುಳ್ಳು ಅಗಲ ಗೀರಿನ ತಳಕ್ಕೆ ಬಿದ್ದು, ಅಲ್ಲಿ ಕೂತ ಕೊಳೆಯನ್ನೇ ಕೇಳಿಸುತ್ತದೆ.