ಪ್ರತಿ ವರ್ಷ ಬೂಸ್ಟರ್ ಬೇಕಾ? ರಕ್ತ ಪರೀಕ್ಷೆ ಏನು ಹೇಳುತ್ತದೆ

ಎಲ್ಲರಿಗೂ ನಮಸ್ಕಾರ.

ನಾಯಿ, ಬೆಕ್ಕು ಸಾಕಿದವರ ಹತ್ತಿರ ಒಂದು ಲಸಿಕೆ ಪುಸ್ತಕ ಇರುತ್ತದೆ. ಅದರಲ್ಲಿ ಮುಂದಿನ ಲಸಿಕೆಯ ತಾರೀಖು ಬರೆಯುವ ಜಾಗದಲ್ಲಿ ಬಹಳ ಸಲ ಸರಿಯಾಗಿ ಒಂದು ವರ್ಷದ ನಂತರದ ದಿನ ಇರುತ್ತದೆ. ಎಲ್ಲ ಲಸಿಕೆಗೂ ಅದೇ ಒಂದು ವರ್ಷ ಯಾಕೆ? ಸುಮ್ನೆ ಚುಚ್ಚಿಸುವ ಬದಲು ರಕ್ತ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಬಹುದಾ? ಇವತ್ತಿನ ಮಾತು ಅದರ ಬಗ್ಗೆ.

ರೇಬಿಸ್ ಬಿಟ್ಟರೆ ನಾಯಿಗಳಿಗೆ ಮುಖ್ಯವಾದ ಮೂರು ವೈರಸ್ ಲಸಿಕೆಗಳಿವೆ: ಉಸಿರಾಟ, ನರಗಳಿಗೆ ತಗಲುವ ಡಿಸ್ಟೆಂಪರ್, ವಾಂತಿ-ಭೇದಿ ತರುವ ಪಾರ್ವೊ, ಯಕೃತ್ತಿಗೆ ತಗಲುವ ಅಡೆನೊ. ಬೆಕ್ಕುಗಳಲ್ಲಿ ಪಾನ್‌ಲ್ಯೂಕೋಪೀನಿಯಾ ಇದೇ ಸಾಲಿಗೆ ಸೇರುತ್ತದೆ. ಇವಕ್ಕೆ ಹೆಚ್ಚಾಗಿ ಬಳಸುವ ಲಸಿಕೆಯಲ್ಲಿ ಬಲ ಕುಗ್ಗಿಸಿದ ಜೀವಂತ ವೈರಸ್ ಇರುತ್ತದೆ. ಅದು ಮೈಯೊಳಗೆ ಸ್ವಲ್ಪ ಬೆಳೆಯಬೇಕು. ಆಗಲೇ ದೇಹ ಎಚ್ಚೆತ್ತು ಪ್ರತಿಕಾಯ ತಯಾರಿಸುತ್ತದೆ. ಈಗ ಯೋಚಿಸಿ: ರಕ್ತದಲ್ಲಿ ಮೊದಲೇ ಸಾಕಷ್ಟು ಪ್ರತಿಕಾಯ ಇದ್ದರೆ ಏನಾಗುತ್ತದೆ? ಅದು ನಿಜವಾದ ರೋಗದ ವೈರಸ್ಸನ್ನು ತಡೆದ ಹಾಗೇ ಲಸಿಕೆಯ ವೈರಸ್ಸನ್ನೂ ತಡೆಯುತ್ತದೆ. ಬೂಸ್ಟರ್ ಬೆಳೆಯುವುದೇ ಇಲ್ಲ. ಅಂದರೆ ರಕ್ಷಣೆ ಇರುವ ನಾಯಿಗೆ ಮತ್ತೆ ಚುಚ್ಚಿದರೆ ಹೆಚ್ಚೇನೂ ಸಿಗುವುದಿಲ್ಲ. ಇದೊಂದು ವಿಷಯ ಅರ್ಥವಾದರೆ ಮುಂದಿನದೆಲ್ಲ ಸುಲಭ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೊನಾಲ್ಡ್ ಶುಲ್ಟ್ಜ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಈ ಮೂರು ರೋಗಗಳ ವಿರುದ್ಧ ರಕ್ಷಣೆ ಏಳು ವರ್ಷ, ಅದಕ್ಕಿಂತಲೂ ಜಾಸ್ತಿ ಉಳಿಯಬಲ್ಲದು ಎಂದು ಅವರ ಅಧ್ಯಯನಗಳು ತೋರಿಸಿದವು. ಡಬ್ಲ್ಯೂಎಸ್‌ಎವಿಎ ಎಂಬ ಪಶುವೈದ್ಯರ ಜಾಗತಿಕ ಸಂಘವೂ ಈ ಲಸಿಕೆಗಳನ್ನು ಬೆಳೆದ ನಾಯಿಗಳಿಗೆ ಮೂರು ವರ್ಷಕ್ಕಿಂತ ಬೇಗ ಕೊಡಬೇಡಿ ಎನ್ನುತ್ತದೆ.

ಇನ್ನು ಪರೀಕ್ಷೆಗೆ ಬರೋಣ. ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅಂತ ನೋಡುವ ಇದನ್ನು ಟೈಟರ್ ಟೆಸ್ಟ್ ಅಂತಲೂ ಕರೆಯುತ್ತಾರೆ. ಮುಂಗಾಲಿನಿಂದಲೋ ಕುತ್ತಿಗೆಯಿಂದಲೋ ಸ್ವಲ್ಪ ರಕ್ತ ತೆಗೆಯುತ್ತಾರೆ. ಲ್ಯಾಬಿಗೆ ಕಳಿಸಬಹುದು, ಇಲ್ಲವೇ ಕ್ಲಿನಿಕ್‌ನಲ್ಲೇ ಕಿಟ್ ಬಳಸಬಹುದು. ಒಂದು ಬಗೆಯ ಕಿಟ್‌ನಲ್ಲಿ ಬಾಚಣಿಗೆ ಆಕಾರದ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದರ ಹಲ್ಲುಗಳನ್ನು ಒಂದಾದ ಮೇಲೊಂದು ದ್ರವ ತುಂಬಿದ ಗುಳಿಗಳಲ್ಲಿ ಅದ್ದುತ್ತಾ ಹೋಗುತ್ತಾರೆ. ಸುಮಾರು ಅರ್ಧ ಗಂಟೆಯಲ್ಲಿ ಹಲ್ಲಿನ ಮೇಲೆ ಬೂದು ಬಣ್ಣದ ಚುಕ್ಕೆಗಳು ಮೂಡುತ್ತವೆ. ಒಂದೊಂದು ರೋಗಕ್ಕೆ ಒಂದೊಂದು ಚುಕ್ಕೆ. ಅಳತೆಗೆಂದು ಇರುವ ಚುಕ್ಕೆಯ ಪಕ್ಕ ಇಟ್ಟು, ಬಣ್ಣ ಅಷ್ಟೇ ಗಾಢವಾಗಿದೆಯಾ ಅಂತ ನೋಡುತ್ತಾರೆ.

ಚುಕ್ಕೆ ಗಾಢವಾಗಿದ್ದರೆ ಆ ಫಲಿತಾಂಶವನ್ನು ನಂಬಬಹುದು. ಆ ರೋಗಕ್ಕೆ ಈಗ ಬೂಸ್ಟರ್ ಬೇಡ. ಮಸುಕಾಗಿದ್ದರೆ ಮಾತ್ರ ವಿಷಯ ಸ್ವಲ್ಪ ಸೂಕ್ಷ್ಮ. ರಕ್ತದಲ್ಲಿ ಪ್ರತಿಕಾಯ ಕಡಿಮೆಯಾಗಿದ್ದರೂ ರೋಗದ ನೆನಪಿಟ್ಟುಕೊಂಡ ಜೀವಕೋಶಗಳು ದೇಹದಲ್ಲಿ ಇರಬಹುದು. ಅವನ್ನು ಈ ಪರೀಕ್ಷೆ ಕಾಣುವುದಿಲ್ಲ. ಆದರೂ ಇದೆ ಅಂತ ಊಹಿಸಿ ಕೂರುವುದು ಸರಿಯಲ್ಲ. ಮಸುಕಾಗಿದ್ದರೆ ಲಸಿಕೆ ಹಾಕಿಸಿ, ಅಷ್ಟೇ.

ನನ್ನ ಪ್ರಕಾರ ಈ ಪರೀಕ್ಷೆಯ ದೊಡ್ಡ ಉಪಯೋಗ ಮರಿಗಳಲ್ಲಿದೆ. ಜನ ಇದನ್ನು ಬೆಳೆದ ನಾಯಿಗೆ ಒಂದು ಚುಚ್ಚುಮದ್ದು ಉಳಿಸುವ ದಾರಿ ಅಂತ ಮಾತ್ರ ನೋಡುತ್ತಾರೆ. ಮರಿ ಹುಟ್ಟಿದಾಗ ತಾಯಿಯ ಮೊದಲ ಹಾಲಿನಿಂದ ಪ್ರತಿಕಾಯ ಪಡೆಯುತ್ತದೆ. ಆಗಲೇ ಹೇಳಿದೆನಲ್ಲ, ಪ್ರತಿಕಾಯ ಲಸಿಕೆಯನ್ನೂ ತಡೆಯುತ್ತದೆ. ತಾಯಿಯಿಂದ ಬಂದ ಪ್ರತಿಕಾಯ ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲೂ ಅದು ಬೇರೆ ಬೇರೆ. ಅದಕ್ಕೇ ಆರರಿಂದ ಎಂಟನೇ ವಾರದಲ್ಲಿ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ದಾಟುವವರೆಗೂ ಲಸಿಕೆ ಕೊಡುತ್ತಾರೆ. ಹತ್ತನೇ ವಾರಕ್ಕೇ ನಿಲ್ಲಿಸಿದ ಮರಿಯ ಪುಸ್ತಕದಲ್ಲಿ ಸ್ಟಿಕರ್ ಇರಬಹುದು, ರಕ್ತದಲ್ಲಿ ರಕ್ಷಣೆ ಇಲ್ಲದಿರಬಹುದು. ಪಾರ್ವೊ ಬಂದ ಮರಿ ಎರಡು ಮೂರು ದಿನದಲ್ಲಿ ಸಾಯಬಹುದು. ಹಾಗಾಗಿ ಕೊನೆಯ ಡೋಸ್ ಆಗಿ ಕನಿಷ್ಠ ನಾಲ್ಕು ವಾರದ ನಂತರ, ಸುಮಾರು 20 ವಾರದ ವಯಸ್ಸಿನಲ್ಲಿ, ದಯವಿಟ್ಟು ಒಮ್ಮೆ ಪರೀಕ್ಷೆ ಮಾಡಿಸಿ. ಎಷ್ಟು ಸಲ ಚುಚ್ಚಿದರೂ ಪ್ರತಿಕಾಯ ಬಾರದ ನಾಯಿಗಳೂ ಇರುತ್ತವೆ. ಪಾರ್ವೊಗೆ ಹೀಗಾಗುವುದು ಸುಮಾರು 1000ಕ್ಕೆ ಒಂದರಲ್ಲಿ ಎಂಬ ಅಂದಾಜಿದೆ. ಅಂಥ ನಾಯಿಯನ್ನು ಮೊದಲೇ ಗುರುತಿಸಿದರೆ ಜೋಪಾನ ಮಾಡಬಹುದು, ಅಲ್ವಾ?

ಆಶ್ರಯ ಕೇಂದ್ರಗಳಲ್ಲೂ ಇದು ಜೀವ ಉಳಿಸುತ್ತದೆ. ಅಲ್ಲಿ ಪಾರ್ವೊ ಕಾಣಿಸಿಕೊಂಡಾಗ ಯಾವ ಪ್ರಾಣಿಗೆ ರಕ್ಷಣೆ ಇದೆ, ಯಾವುದಕ್ಕಿಲ್ಲ ಎಂದು ಬೇಗ ಬೇರ್ಪಡಿಸಲು ಸಾಧ್ಯವಾಗುತ್ತದೆ.

ಈಗ ಇದರ ಮಿತಿ. ಇಲಿ ಮುಂತಾದ ಪ್ರಾಣಿಗಳ ಮೂತ್ರದಿಂದ ಹರಡುವ ಬ್ಯಾಕ್ಟೀರಿಯಾ ರೋಗ ಲೆಪ್ಟೊಸ್ಪೈರೋಸಿಸ್. ಅದರ ಲಸಿಕೆಯ ಬಲ ಹೆಚ್ಚು ಕಾಲ ಉಳಿಯುವುದಿಲ್ಲ. ಅದರ ಪ್ರತಿಕಾಯದ ಮಟ್ಟ ನೋಡಿ ರಕ್ಷಣೆ ಅಳೆಯಲೂ ಆಗುವುದಿಲ್ಲ. ಅಪಾಯ ಇರುವ ಕಡೆ ಅದನ್ನು ಪ್ರತಿ ವರ್ಷ ಹಾಕಿಸಲೇಬೇಕು. ಕೆನೆಲ್ ಕೆಮ್ಮಿನ ಲಸಿಕೆಗೂ ಈ ಪರೀಕ್ಷೆ ಉಪಯೋಗಕ್ಕೆ ಬಾರದು. ಬೆಕ್ಕುಗಳ ಹರ್ಪಿಸ್, ಕ್ಯಾಲಿಸಿ ವೈರಸ್‌ಗಳ ವಿಷಯದಲ್ಲೂ ಫಲಿತಾಂಶವನ್ನು ಅಷ್ಟಾಗಿ ನೆಚ್ಚಿಕೊಳ್ಳಲಾಗದು.

ರೇಬಿಸ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ವಿದೇಶ ಪ್ರಯಾಣಕ್ಕೆ ಕೇಳುವ ರೇಬಿಸ್ ರಕ್ತ ಪರೀಕ್ಷೆ ಇದೆ, ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅದರ ಗಡಿ. ಆದರೆ ಆ ವರದಿ ತೋರಿಸಿ ರೇಬಿಸ್ ಬೂಸ್ಟರ್ ತಪ್ಪಿಸಬೇಡಿ. ಇದು ಮನುಷ್ಯರ ಪ್ರಾಣದ ಪ್ರಶ್ನೆ. ಕಾನೂನು, ಲಸಿಕೆಯ ಲೇಬಲ್ ಹೇಳಿದ ಹೊತ್ತಿಗೆ ಹಾಕಿಸಿ.

ಲಸಿಕೆಗೆ ಹೆದರಿ ಇತ್ತ ಬಂದವರೂ ನಿಮ್ಮಲ್ಲಿ ಇರಬಹುದು. 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದ ಅಮೆರಿಕದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಲಸಿಕೆ ಹಾಕಿದ ಮೂರು ದಿನದೊಳಗೆ ತೊಂದರೆ ಕಂಡದ್ದು 10,000ಕ್ಕೆ ಸುಮಾರು 38 ನಾಯಿಗಳಲ್ಲಿ. ಚಿಕ್ಕ ಜಾತಿಯ ನಾಯಿಗಳಿಗೆ, ಅದರಲ್ಲೂ ಒಂದೇ ದಿನ ಹಲವು ಲಸಿಕೆ ಕೊಟ್ಟಾಗ, ಜಾಸ್ತಿ. ಹೆದರುವಷ್ಟು ದೊಡ್ಡ ಸಂಖ್ಯೆ ಅಲ್ಲ. ಹಿಂದೆ ಮುಖ ಊದಿದ್ದ, ಮೈಮೇಲೆ ದದ್ದು ಎದ್ದಿದ್ದ ನಾಯಿಗೆ ಮಾತ್ರ ಪರೀಕ್ಷೆ ಮಾಡಿಸುವುದು ಖಂಡಿತ ಒಳ್ಳೆಯದು.

ಬೂಸ್ಟರ್ ಇಲ್ಲದ ವರ್ಷವೂ ಡಾಕ್ಟರ ಹತ್ತಿರ ಹೋಗಿ. ಹಲ್ಲು, ಹೃದಯ, ತೂಕ ಎಲ್ಲ ನೋಡಿಸಿ. ಪರೀಕ್ಷೆಯಲ್ಲಿ ಪಾಸಾದ ನಾಯಿಗೆ ಮೂರು ವರ್ಷದ ನಂತರ ಮತ್ತೆ ಪರೀಕ್ಷೆ ಸಾಕು. ನಾಯಿಯ ವಯಸ್ಸು ಹತ್ತು ದಾಟಿದ್ದರೆ ಪ್ರತಿ ವರ್ಷ ಮಾಡಿಸಿ. ಲಸಿಕೆ ಪುಸ್ತಕ ತಂದವರು ಅದನ್ನು ತೆಗೆಯಿರಿ. ಯಾವ ಸ್ಟಿಕರ್ ಯಾವ ರೋಗಕ್ಕೆ ಅಂತ ಈಗ ಒಟ್ಟಿಗೆ ನೋಡೋಣ.